ಬಿನ್ ಇಲ್ಲದ ಬಿಲ್ಲೆ

ನಗರ್ತಪೇಟೆಯ ಗಲ್ಲಿ, ಮೆಟ್ಟಿಲ ಕೆಳಗೆ
ಮೂರಡಿ ಅಗಲದ ನನ್ನ ಅಂಗಡಿ.
ಬದ್ರುನ್ನಿಸಾ ಬಂದದ್ದು ಕರೆಂಟು ಹೋದ ಹೊತ್ತಿಗೆ,
ಕಂಕುಳಲ್ಲಿ ಮಗು, ದುಪಟ್ಟಾದ ತುದಿಗೆ ಗಂಟು.
ಬಿಚ್ಚಿದಳು. ತಾಮ್ರ.
"ಆಚಾರ್ರೇ, ಇದಕ್ಕೊಂದು ತೂತು ಹಾಕಿ, ಬಳೆ ಸೇರಿಸಿ ಕೊಡಿ.
ರಾತ್ರಿ ಬೆಚ್ಚಿ ಬೀಳ್ತಾನೆ. ಕೊರಳಿಗೆ ಕಟ್ಟಬೇಕು."

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೆ.
ಚೌಕವೂ ಅಲ್ಲದ, ದುಂಡೂ ಅಲ್ಲದ ಬಿಲ್ಲೆ,
ಮೇಲೆ ಬಳ್ಳಿ ಹಬ್ಬಿದ ಹಾಗೆ ಅಕ್ಷರ.
ನನಗದು ಓದಲು ಬಾರದು. ಸುತ್ತಿಗೆ ಹಿಡಿದವನ ಕೈ ಮಾತ್ರ ತಿಳಿಯುತ್ತದೆ:
ಎಡಕ್ಕೆ ಏಟು ಜಾಸ್ತಿ. ಅವಸರ.
ದಿನಕ್ಕೆ ಇಷ್ಟು ಸಾವಿರ ಎಂದು
ಯಾರೋ ಬೆನ್ನ ಹಿಂದೆ ನಿಂತಿದ್ದರು.

"ಇವನು ಗುಲಾಮ," ಅಂದಳು,
ಪಕ್ಕದ ಮನೆಯ ಸುದ್ದಿ ಹೇಳುವಂತೆ.
"ನಮ್ಮತ್ತೆಯ ಅಜ್ಜಿ ಹೇಳ್ತಿದ್ದದ್ದು.
ಒಂದು ಕುದುರೆ, ಎರಡು ಕಂಬಳಿ, ಅಷ್ಟಕ್ಕೇ ಮಾರಿದ್ದರಂತೆ.
ಲಾಯದಲ್ಲಿ ಹುಲ್ಲು ಹೊತ್ತ,
ದೊರೆಯ ಜೋಡು ಹೊತ್ತ, ಕೊಡೆ ಹೊತ್ತ,
ಕೊನೆಗೆ ದೊರೆಯನ್ನೇ ಹೊತ್ತ, ಮಣ್ಣಿಗೆ.
ಮಾರನೇ ದಿನ ಕೊಡೆ ಇವನ ಮೇಲೆ."

ನಿಜವೋ ಸುಳ್ಳೋ.
ಬೆಸುಗೆ ಕಾಣದಂತೆ ಬೆಸೆಯುವುದರಲ್ಲಿ
ಅತ್ತೆಯರ ಅಜ್ಜಿಯರು ನಮಗಿಂತ ಒಂದು ಕೈ ಮೇಲು.

"ಆರು ತಲೆ ಆಳಿದ ಮನೆತನ. ಹೆಸರು ಇಲ್ಲಿರಬೇಕಿತ್ತು."
ಅಂಚಿನ ಮೇಲೆ ಅವಳ ಬೆರಳು,
ಊದುಬತ್ತಿ ಹೊಸೆದು ಕಪ್ಪಾದ ಉಗುರು.
'ಅಸ್ಸುಲ್ತಾನ್' ಎಂಬವರೆಗೆ ಕೂಡಿಸಿ ಕೂಡಿಸಿ ಓದಿದಳು.
ಮುಂದೆ ತಾಮ್ರವೇ ಇಲ್ಲ.
ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು:
ಬಿರುದು ಒಳಗೆ ಬಿತ್ತು, ಹೆಸರು ಹೊರಗೆ.
ಗಾಳಿಗೆ ಬಿದ್ದ ಏಟಿನ ಗುರುತು ಎಲ್ಲಿ ಹುಡುಕುವುದು?

"ಅವೆನ್ಯೂ ರೋಡಿನವನು ಎರಡು ಸಾವಿರ ಕೊಡ್ತೀನಿ ಅಂದ.
ತೂತು ಬಿದ್ದರೆ ಗುಜರಿ ಅಂದ.
ಹೆಸರೂ ಹೇಳಿದ. ಗೋರಿಪಾಳ್ಯದ ಬಸ್ಸು ಹತ್ತುವಷ್ಟರಲ್ಲಿ ಮರೆತೆ."
"ಮಾರಬಹುದಿತ್ತಲ್ಲಮ್ಮ."
ಮಗುವನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿದಳು.
ಆಮೇಲೆ, ಪಕ್ಕದಂಗಡಿಯ ಜನರೇಟರಿನ ಸದ್ದಿನ ನಡುವೆ:
"ಸುಲ್ತಾನರ ದುಡ್ಡಿನ ಮೇಲೆ 'ಬಿನ್' ಅಂತಿರುತ್ತೆ.
ಬಿನ್ ಅಂದರೆ ಇಂಥವರ ಮಗ.
ಇವನ ಯಾವ ದುಡ್ಡಲ್ಲೂ ಅದು ಇಲ್ಲವಂತೆ.
ಇವನ ಮಗನದರಲ್ಲಿ ಇದೆ, ಮೊಮ್ಮಗನದರಲ್ಲೂ ಇದೆ.
ಇವನಿಂದ ಶುರು."

ಮೊನ್ನೆ ಶಾಲೆಯಲ್ಲಿ ಫಾರಂ ಕೊಟ್ಟಿದ್ದರಂತೆ.
ತಂದೆಯ ಹೆಸರು, ಎದುರಿಗೆ ಚುಕ್ಕಿ ಚುಕ್ಕಿ ಚುಕ್ಕಿ.
ಅಷ್ಟು ಹೇಳಿ ಸುಮ್ಮನಾದಳು. ನಾನೂ ಕೇಳಲಿಲ್ಲ.

ನನ್ನ ತಲೆಯ ಮೇಲೆ, ಗಾಜಿನ ಹಿಂದೆ, ತಾತ:
'ಸ್ಥಾಪಕರು, ಮಾಗಡಿ ಮೌನೇಶಾಚಾರ್.'
ಒಂದು ಊದುಕೊಳವೆ, ಒಂದು ಇಕ್ಕಳ ಹಿಡಿದು
ನಡೆದೇ ಬಂದವರು. ಮೂರಡಿಯ ರಾಜ್ಯ.
ತಾತನ ಅಪ್ಪ ಯಾರು ಅಂತ
ಗಿರಾಕಿಗಳು ಕೇಳಿಲ್ಲ. ನನಗೂ ಗೊತ್ತಿಲ್ಲ.

"ಎಲ್ಲಿ ಹಾಕಲಿ?"
ಎಲ್ಲಿ ಹಾಕಿದರೂ ಒಂದಕ್ಷರ ಸಾಯುತ್ತದೆ.
ನೋಡಿ ನೋಡಿ ಅವಳು
ಹೆಸರು ಬರಲೊಲ್ಲದೆ ಹೋದ ಆ ಅಂಚನ್ನೇ ತೋರಿಸಿದಳು.
ಕೈಬೈರಿಗೆ ತಿರುಗಿಸಿದೆ.
ನೂರಾರು ವರ್ಷದ ಕಪ್ಪಿನೊಳಗೆ ತಾಮ್ರ
ಆಗಷ್ಟೇ ಹುಟ್ಟಿದ ಕೂಸಿನ ಹಾಗೆ ಕೆಂಪಗೆ.
ಪುಡಿಯನ್ನು ರೂಢಿಯಿಂದ ಕಾಗದಕ್ಕೆ ಉದುರಿಸಿದೆ.
ಚಿನ್ನವಾಗಿದ್ದರೆ ಕೂಲಿ ಹುಟ್ಟುತ್ತಿತ್ತು.
ಊದಿಬಿಟ್ಟೆ.

ಬಳೆ, ಕಪ್ಪು ದಾರ, ಗಂಟು.
ನಲವತ್ತು ಅಂದೆ, ಮೂವತ್ತು ಕೊಟ್ಟಳು.
ಗಲ್ಲಿ ದಾಟುವ ಮೊದಲೇ ಅವನು
ಸುಲ್ತಾನನನ್ನು ಬಾಯಿಗೆ ಹಾಕಿಕೊಂಡಿದ್ದ.
ಅವಳು ಎಳೆದಳು, ಅವನು ಮತ್ತೆ ಹಾಕಿಕೊಂಡ.
ತಳ್ಳುಗಾಡಿಯ ಹಿಂದೆ ಮರೆಯಾಗುವವರೆಗೂ
ಹಾಲುಹಲ್ಲಲ್ಲಿ ಅಚ್ಚು ಒತ್ತುತ್ತಲೇ ಇದ್ದ.