ತಾಯಿಪದರ

ಅಪ್ಪ ಬೆಂಡು ಸುಲಿಯುವವನು.
ಅಲೆಂತೇಜು ಬಯಲಿನ ಓಕ್ ಮರಗಳ ತೊಗಟೆಯನ್ನು
ಕೊಡಲಿಯ ಮೊನೆಯಿಂದ ಹಲಗೆ ಹಲಗೆಯಾಗಿ ಬಿಡಿಸಿ,
ಕೆಂಪಗೆ ಬತ್ತಲಾದ ಕಾಂಡದ ಮೇಲೆ
ಬಿಳಿ ಬಣ್ಣದಲ್ಲಿ ಇಸವಿಯ ಕೊನೆಯ ಅಂಕಿ ಬರೆಯುತ್ತಾನೆ.
ಇನ್ನು ಒಂಬತ್ತು ಬೇಸಿಗೆ
ಆ ಮರವನ್ನು ಯಾರೂ ಮುಟ್ಟುವ ಹಾಗಿಲ್ಲ.

ನನಗೆ ನಾಲ್ಕು ತುಂಬಿದ ತಿಂಗಳು, ಸ್ನಾನ ಮಾಡಿಸುತ್ತಾ
ಅಮ್ಮನ ಕೈ ನನ್ನ ಮಂಡಿಯ ಒಳಬದಿಯಲ್ಲಿ ನಿಂತುಬಿಟ್ಟಿತು.
ಕಡಲೆಕಾಳಷ್ಟು.
ಅದುಮಿದರೆ ಜಾರಲಿಲ್ಲ, ನೋಯಲೂ ಇಲ್ಲ.
ಅವಳು ಹೌಹಾರಲಿಲ್ಲ. ಕೈಯ ಸೋಪು ತೊಳೆದುಕೊಂಡು
ಹಿತ್ತಲ ಬಾಗಿಲಿಂದ ಕೂಗಿದಳು:
"ಬೆಲ್ಮಿರು, ಬಾ ಇಲ್ಲಿ. ನಿನ್ನದು ಬಂದಿದೆ."

ಅಪ್ಪನ ಎಡ ಮುಂಗೈ ಬಿಲ್ಲು.
ಗಿಡವಾಗಿದ್ದಾಗ ಬಗ್ಗಿತು, ಮರವಾದ ಮೇಲೆ ನೆಟ್ಟಗಾಗಲಿಲ್ಲ.
ಅವನ ಅಮ್ಮನ ಕಾಲಕ್ಕೆ ಈ ಗಂಟುಗಳಿಗೆ ಹೆಸರಿರಲಿಲ್ಲ.
ದುಡಿದ ಮೂಳೆ, ಅನ್ನುತ್ತಿದ್ದರಂತೆ.
ನಾನಿನ್ನೂ ಒಂದು ಚಮಚ ಕೂಡ ತೊಳೆದಿರಲಿಲ್ಲ.

ಎವೊರದ ಆಸ್ಪತ್ರೆಯಲ್ಲಿ ಡಾಕ್ಟರ್ ಗ್ರಾಸಿಯೆತೆ
ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದರು:
"ಬೆಳೆಯುವ ಮೂಳೆಯ ತುದಿಯಲ್ಲಿ ಒಂದು ಮೆತ್ತನೆಯ ಗೆರೆ.
ಅದರ ಚೂರು ದಾರಿ ತಪ್ಪಿ ಪಕ್ಕಕ್ಕೆ ಚಿಗುರುತ್ತದೆ."
"ಎಲ್ಲ ತೆಗೆದುಬಿಡಿ," ಅಂದಳು ಅಮ್ಮ.
"ಎಲ್ಲ ತೆಗೆದರೆ ಹುಡುಗಿಯೇ ಉಳಿಯುವುದಿಲ್ಲ.
ನರ ಒತ್ತಿದರೆ, ಕೀಲು ತಡೆದರೆ, ಕೈಕಾಲು ಬಗ್ಗಿಸಿದರೆ ಸರಿ.
ಅದೂ ಗಂಟು ಗೆರೆಯಿಂದ ದೂರ ಸರಿಯಲಿ.
ಗೆರೆಗೇ ಚಾಕು ತಾಗಿದರೆ ಕಾಲು ಗಿಡ್ಡ."

ಅಲ್ಲಿಯವರೆಗೆ ಟೋಪಿ ತಿರುಗಿಸುತ್ತ ಕೂತಿದ್ದ ಅಪ್ಪ
ತಲೆಯೆತ್ತಿ ಒಂದೇ ಮಾತು: "ತಾಯಿ."
ಬೆಂಡಿನ ಅಡಿಯ ಒಳಪದರಕ್ಕೆ ನಮ್ಮವರು ಹಾಗನ್ನುತ್ತಾರೆ.
ಕೊಡಲಿ ತಾಯಿಗೆ ತಾಗಿದರೆ
ಆ ಜಾಗದಲ್ಲಿ ಮರ ಮತ್ತೆ ಬೆಂಡು ಕಟ್ಟುವುದಿಲ್ಲ.

ಮೊಟ್ಟೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ
ಅಮ್ಮ ನನ್ನನ್ನು ಬರೆದಿಟ್ಟಳು. ಮೂಗಿಲ್ಲದ ಗೊಂಬೆ,
ಮೈತುಂಬ ಸೊನ್ನೆಗಳು, ಸೊನ್ನೆಯೊಳಗೆ ತಾರೀಖು.
ಆರು ತಿಂಗಳಿಗೊಮ್ಮೆ ದಾರ ಸುತ್ತಿ ಅಳೆಯುವುದು.
ಮೂವತ್ತೊಂದರವರೆಗೆ ಎಣಿಸಿದೆವು.
ಶಾಲೆಚೀಲದ ಪಟ್ಟಿ ಹೆಗಲಮೂಳೆಯ ಗಂಟಿಗೆ ಉಜ್ಜುತ್ತಿತ್ತು;
ಅಮ್ಮ ಅಲ್ಲಿಗೆ ಕುರಿಯುಣ್ಣೆ ಹೊಲಿದಳು.
ಅದೆರಿತು ಎಂಬ ಹುಡುಗ ಮುಟ್ಟಿ ನೋಡಿ ಕೇಳಿದ:
"ಕಲ್ಲು ನುಂಗಿದ್ದೀಯಾ?" ಹೌದು ಅಂದೆ.
ವಾರವಿಡೀ ಅವನಿಗೆ ನನ್ನ ಭಯ.

ಹನ್ನೊಂದಕ್ಕೆ ಪಾದ ಎತ್ತಲಾಗದೆ ನೆಲಕ್ಕೆ ತಡವತೊಡಗಿತು.
ಕೊಯ್ದರು.
ಪಟ್ಟಿಯ ಮೇಲೆ ಅಪ್ಪ ಪೆನ್ನಿನಲ್ಲಿ ಇಸವಿಯ ಅಂಕಿ ಬರೆದ.
ನರ್ಸ್ ಬೈದಳು. ನಾನು ಅದನ್ನು ಅಳಿಸಗೊಡಲಿಲ್ಲ.

ಹದಿನೇಳಕ್ಕೆ ಡಾಕ್ಟರ್ ಅಂದರು: "ಗೆರೆಗಳು ಮುಚ್ಚಿವೆ.
ಇನ್ನು ಹೊಸದು ಬಾರದು, ಹಳೆಯದು ಬೆಳೆಯಬಾರದು.
ಬೆಳೆದರೆ, ರಾತ್ರಿ ನೋವು ಎಬ್ಬಿಸಿದರೆ, ಓಡಿ ಬಾ."
ಬೆಳೆಯುವುದಕ್ಕೇ ಹೆದರಬೇಕಾದ ವಯಸ್ಸು
ಅಷ್ಟು ಬೇಗ ಬರುತ್ತದೆಂದು ತಿಳಿದಿರಲಿಲ್ಲ.

ಈ ಜೂನಿನಲ್ಲಿ ಅಪ್ಪ ಬೆಲ್ಟಿಗೆ ಹೊಸ ತೂತು ಕೊರೆಯುತ್ತಿದ್ದ.
ಹೊಟ್ಟೆ ಬಂದಿಲ್ಲ, ಕೆನ್ನೆ ಇಳಿದಿದೆ.
ಬಲ ಸೊಂಟದ ಗಂಟನ್ನು ಯಾರಿಗೂ ಅಳೆಯಗೊಟ್ಟವನಲ್ಲ.
"ಯಾವಾಗಿಂದ?"
"ಕ್ರಿಸ್‌ಮಸ್‌ನಿಂದ. ಮಲಗಿದರೆ ಜಾಸ್ತಿ."
ನನ್ನನ್ನು ಅಳೆದ ದಾರವೇ ತಂದೆ.
ಸುತ್ತಿದೆ, ಗುರುತಿಗೆ ಗಂಟು ಹಾಕಿದೆ.
ಚರ್ಮದ ಮೇಲೆ ಪೆನ್ನಿನಲ್ಲಿ ಅಂಕಿ ಬರೆದೆ.
"ಒಂಬತ್ತು ಬೇಸಿಗೆ ಕಾಯಬೇಕಲ್ಲ?" ಅಂದ, ನಗಿಸಲು.
"ಇಲ್ಲ. ನಾಳೆ ಬೆಳಗಿನ ಬಸ್ಸು."

ಇಸ್ತ್ರಿ ಮಾಡಿದ ಅಂಗಿ ತೊಟ್ಟು
ಅಪ್ಪ ಕಿಟಕಿಯ ಪಕ್ಕ ಎಡಕ್ಕೆ ವಾಲಿ ಕೂತಿದ್ದಾನೆ.
ಹಿಂದೆ ಸರಿಯುವ ಮರಗಳ ಅಂಕಿಗಳನ್ನು
ಮೆಲ್ಲಗೆ ಓದುತ್ತಿದ್ದಾನೆ: ಇದು ನಾನು ಸುಲಿದದ್ದು,
ಅದು ಯಾರೋ ಅವಸರಗೇಡಿ,
ಅದಕ್ಕಿನ್ನೂ ಮೂರು ಬೇಸಿಗೆ ಇದೆ.