ಮುಕ್ಕಾದ ಎಸಳು

ದಿಜೋನಿನ ಗ್ರಂಥಾಲಯ, ನೆಲಮಾಳಿಗೆ. ಹೀಟರ್ ಕೆಟ್ಟು ವಾರವಾಯಿತು.
ಸೊಲಾಂಜ್ ಕೋಟು ಬಿಚ್ಚದೆಯೇ ಕೂತು
ಕೆಂಪು ಮೇಕೆದೊಗಲ ರಟ್ಟಿನ ಮೇಲೆ ತೆಳುಕಾಗದ ಹಾಸಿ
ಪೆನ್ಸಿಲ್ಲನ್ನು ಅಡ್ಡಡ್ಡ ಉಜ್ಜುತ್ತಾಳೆ.

ಮೊದಲು ಬರೀ ಮಸಿಮೋಡ.
ಆಮೇಲೆ ಒಂದು ದಾಳಿಂಬೆ ಹೂ ಮೇಲೇಳುತ್ತದೆ,
ಹನ್ನೊಂದೂವರೆ ಮಿಲಿಮೀಟರ್,
ಎಡಗಡೆಯ ಮೂರನೇ ಎಸಳು ಮುಕ್ಕು.

ಆ ಮುಕ್ಕಿಗಾಗಿಯೇ ಅವಳು ಬಂದದ್ದು.
ಚೆಂದದ ಹೂ ಯಾರದೂ ಇರಬಹುದು,
ಅಂಥದೇ ಅಚ್ಚು ಕೊರೆಸಿ
ಅರ್ಧ ಬೀದಿಯೇ ಒತ್ತುತ್ತಿತ್ತು ಆಗ.
ಮುಕ್ಕು ಮಾತ್ರ ಒಬ್ಬನದು:
ಕಾದ ಹಿತ್ತಾಳೆ ಕೈಜಾರಿ
ಕಲ್ಲುನೆಲಕ್ಕೆ ಬಿದ್ದ ಯಾವುದೋ ಸಂಜೆಯದು.

ಬೈಂಡರ್ ಗೊದ್ರಿಯೋ. ಇಗರ್ಜಿಯ ದಾಖಲೆಯಂತೆ
ಸಾವಿರದ ಏಳುನೂರ ನಲವತ್ತೊಂಬತ್ತರಲ್ಲಿ ಮಣ್ಣಾದ.
ಈ ಪುಸ್ತಕ ಅಚ್ಚಾದದ್ದು ಐವತ್ತಮೂರರಲ್ಲಿ.

ಅವಳು ಲೆನ್ಸು ಕೆಳಗಿಟ್ಟು, ಬೆರಳಿಗೆ ಉಸಿರೂದಿ,
ಮತ್ತೆ ನೋಡುತ್ತಾಳೆ.
ಅದೇ ಹೂ. ಅದೇ ಮುಕ್ಕು.
ಆದರೆ ಅಂಚಿನುದ್ದಕ್ಕೂ ಒಂದೊಂದು ಹೂವೂ
ಕೂದಲೆಳೆಯಷ್ಟು ಬಲಕ್ಕೆ ವಾಲಿದೆ,
ಎಡಗೈ ಒತ್ತಿದ ಹಾಗೆ.
ಕಾವೂ ಒಂದಿಷ್ಟು ಹೆಚ್ಚು:
ಚಿನ್ನದ ಸುತ್ತ ದೊಗಲು ಕಪ್ಪಿಟ್ಟಿದೆ.

ಬಾಡಿಗೆ ಲೆಕ್ಕದಲ್ಲಿ ಕಂಡ ಸಾಲು ನೆನಪಾಗುತ್ತದೆ:
'ಗೊದ್ರಿಯೋನ ವಿಧವೆ. ಮಳಿಗೆ ಬಿಡಲೊಪ್ಪಲಿಲ್ಲ.'
ಹೆಸರಿಲ್ಲ.

ಚೀಟಿಯಲ್ಲಿ 'ಬೈಂಡರ್' ಎಂಬಲ್ಲಿ ಅವನ ಹೆಸರು ಬರೆದು,
ಹೊಡೆದುಹಾಕಿ, ತುಸು ಹೊತ್ತು ಸುಮ್ಮನಿದ್ದು
ಸೊಲಾಂಜ್ ಬರೆಯುತ್ತಾಳೆ: ಎಡಗೈಯವಳು.
ಕೆಳಗೆ, ಯಾರೂ ಓದಬೇಕಿಲ್ಲದಷ್ಟು ಸಣ್ಣಗೆ:
ಮೊದಮೊದಲು ಕೈ ಸುಟ್ಟುಕೊಂಡಿರಬೇಕು.