ಮೂರನೆಯ ನಕಲು

ನಾನು ಟೈಪಿಸ್ಟ್. ಲಿಲೋಂಗ್ವೆಯ ಹೈಕೋರ್ಟಿನಲ್ಲಿ
ಹದಿನೇಳು ವರ್ಷ ಬೇರೆಯವರ ಮಾತಿಗೆ ಬೆರಳು ಕೊಟ್ಟವಳು.

ಆ ಬೆಳಿಗ್ಗೆ ಕರೆಂಟು ಹೋಗಿ, ಬಂದು, ಮತ್ತೆ ಹೋದ ಮೇಲೆ
ಹಳೆಯ ಯಂತ್ರದ ಮುಸುಕು ತೆಗೆದೆ.
ಮೂರು ಹಾಳೆ, ನಡುವೆ ಎರಡು ಕಾರ್ಬನ್ನು:
ಮೇಲಿನದು ಅರಮನೆಗೆ, ನಡುವಿನದು ಕಡತಕ್ಕೆ,
ಕೆಳಗಿನದು, ಎಲ್ಲಕ್ಕಿಂತ ಮಸುಕು,
ಸಹಿ ಹೊತ್ತು ವಾಪಸು ಬರಲಿಕ್ಕೆ.

ವಿಷಯ ದೊಡ್ಡದಲ್ಲ. ಸರೋವರದ ದಂಡೆಯಲ್ಲಿ
ಒಣಮೀನು ಮಾರುವ ಹೆಂಗಸರ ಸಂಘದ ಕೋಣೆಗೆ
ಅಧ್ಯಕ್ಷರ ಮಾತೊಂದು ಬೀಗವಾಗಿ ಬಿದ್ದಿತ್ತು.
ಯಾವ ಕಾನೂನಿನಡಿ ಎಂದು ಕೇಳಿದರೆ
ಸರಕಾರಿ ವಕೀಲರು ಕನ್ನಡಕ ಒರೆಸಿದರು,
ಮತ್ತೂ ಒರೆಸಿದರು.

ಬೀಗ ತೆಗೆಯಬೇಕೆಂದು ಈ ನ್ಯಾಯಾಲಯ
ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು.
ಅಪ್ಪನ ಕಾಲದ ಭಯ ನಮ್ಮದು;
ಬಸ್ಸಿನಲ್ಲಿ ಒಂದು ಹೆಸರನ್ನು ದನಿ ತಗ್ಗಿಸಿಯೇ ಹೇಳಿದವರ ಮಕ್ಕಳು.
'ವಿನಂತಿಸುತ್ತದೆ' ಎಂದು ಹೊಡೆದೆ.

ನ್ಯಾಯಮೂರ್ತಿ ಸಿಂಬೊಟಾ, ಮಂಡಿನೋವಿನ ಹೆಂಗಸು,
ಓದಿದರು. ಬೈಯಲಿಲ್ಲ. ನೀಲಿ ಪೆನ್ನಿನಿಂದ
ಆ ಪದಕ್ಕೆ ಅಡ್ಡಗೆರೆ ಎಳೆದು
ಮೇಲೆ ಬರೆದರು: ಆದೇಶಿಸುತ್ತದೆ.
ಮೂರು ಹಾಳೆಯಲ್ಲೂ. ಪಕ್ಕಕ್ಕೆ ಪುಟ್ಟ ಸಹಿ.
"ಬೇರೆ ಟೈಪು ಮಾಡಲೇ?"
"ಬೇಡ, ಹೀಗೇ ಹೋಗಲಿ. ಗಂಟೆ ಹನ್ನೊಂದಾಯಿತು."

ಅಮೀನ ಯಾಫೆಟ್ ಕುಮ್ವೆಂಡಾ
ಬಾಡಿಗೆ ಸೈಕಲ್ಲಿನ ಹಿಂದೆ ಕೂತು ಹೊರಟ.
ಇಲಾಖೆಯ ಜೀಪಿಗೆ ಡೀಸೆಲ್ ಇಲ್ಲ.
ಅವನ ಕೋಟಿನ ಒಂದು ಗುಂಡಿ ನನ್ನ ಹಳೆಯ ರವಿಕೆಯದು.

ಮುಂದಿನದು ಅವನು ಹೇಳಿದ್ದು, ತುಸು ಉಪ್ಪು ಖಾರ ಹಚ್ಚಿರಬಹುದು:
ಎರಡಾಳೆತ್ತರದ ಗೇಟು. ಬಂದೂಕಿನ ಹುಡುಗ, ಹೆಸರು ಫಟ್ಸಾನಿ.
"ಯಾರನ್ನು ಕಾಣಬೇಕು?"
"ಯಾರನ್ನೂ ಅಲ್ಲ. ಈ ಕಾಗದ ಒಳಗೆ ಹೋಗಬೇಕು."
"ಅಧ್ಯಕ್ಷರಿಗೆ ಅಪ್ಪಣೆ ಕೊಡಲಿಕ್ಕೆ ನೀನು ಯಾರಯ್ಯಾ?"
"ನಾನು ಯಾರೂ ಅಲ್ಲ. ಅದಕ್ಕೇ ನನ್ನನ್ನು ಕಳಿಸಿದ್ದಾರೆ."

ಬಿಸಿಲಿನಲ್ಲಿ ಎರಡು ತಾಸು.
ಒಳಗೆ ಫೋನು ಹೋಯಿತು, ಹೊರಗೆ ಫೋನು ಬಂತು.
ಹುಡುಗ ಹಾಳೆಯನ್ನು ತಿರುವಿ ತಿರುವಿ ನೋಡಿ
ಅಡ್ಡಗೆರೆಯ ಪದದ ಮೇಲೆ ಬೆರಳಿಟ್ಟನಂತೆ:
"ಇಲ್ಲಿ ಮೊದಲು ಬೇರೆ ಬರೆದಿತ್ತೆ?"
"ಹೌದು ಮಗಾ. ಮೊದಲು ಬೇರೆ ಬರೆದಿತ್ತು."

ಸಹಿಗೆಂದು ಕೆಳಗೊಂದು ಚೌಕ.
ಹುಡುಗನ ಪೆನ್ನು ಮೂಡಲಿಲ್ಲ, ಯಾಫೆಟ್ ತನ್ನದು ಕೊಟ್ಟ.
ತುಟಿ ಕಚ್ಚಿ, ಪರೀಕ್ಷೆಗೆ ಕೂತವನಂತೆ,
ಗೆರೆ ದಾಟದ ಹಾಗೆ ಹೆಸರು ಬರೆದ.

ನಾಲ್ಕಕ್ಕೆ ಮೂರನೆಯ ನಕಲು ನನ್ನ ಮೇಜಿಗೆ ಬಂತು,
ಬೆವರಿಗೆ ಮೆತ್ತಗಾಗಿ.
ಬೀಗ ತೆಗೆಯುತ್ತಾರೋ ಇಲ್ಲವೋ.
ಆ ಹೆಂಗಸರು ಮುಚ್ಚಿದ ಬಾಗಿಲ ಮುಂದೆಯೇ
ಮೀನು ಹರಡಿ ಕೂತಿದ್ದಾರಂತೆ, ನೊಣ ಓಡಿಸುತ್ತ.

ತಾತ ಹೋರಿಗೆ ಮೂಗುದಾರ ಹಾಕುವಾಗ ನೋಡಿದ್ದೇನೆ:
ಹಗ್ಗ ಬೆರಳಷ್ಟೂ ದಪ್ಪವಿರಲಿಲ್ಲ.
ಹಿಡಿದ ಕೈ ನಡುಗುತ್ತಿತ್ತು.

ಹಾಳೆಗೆ ಎರಡು ತೂತು ಹೊಡೆದು, ದಾರ ಪೋಣಿಸಿ, ಗಂಟು ಹಾಕಿದೆ.
ಹುಡುಗ ಪೆನ್ನು ಹಿಂದೆ ಕೊಡಲು ಮರೆತನಂತೆ.
ಯಾಫೆಟ್ ಕೇಳಲೂ ಇಲ್ಲವಂತೆ.